ಹತ್ತರಲ್ಲೊಂದು ಪಾಲು

ನನ್ನ ಗಂಡನನ್ನು ನಮ್ಮ ಸಭೆಯವರೆಲ್ಲ ಲಕೋಟೆ ಮೇಷ್ಟ್ರು ಅನ್ನುತ್ತಾರೆ. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಬಣ್ಣದ ಡಬ್ಬಗಳ ಗೋದಾಮಿನಲ್ಲಿ ಸ್ಟೋರ್ ಕೀಪರ್. ಆದರೆ ಪ್ರತಿ ಶನಿವಾರ ಸಂಜೆ ಚರ್ಚಿನ ಹಿಂದಿನ ಕೋಣೆಯಲ್ಲಿ, ದೇವರಿಗೆ ಮೆಚ್ಚುಗೆಯಾಗುವ ಹಾಗೆ ದುಡ್ಡು ನಡೆಸುವುದು ಹೇಗೆ ಎಂದು ತರಗತಿ ಮಾಡುತ್ತಾರೆ. ದುಡ್ಡು ನಮ್ಮದಲ್ಲ, ನಾವು ಬರೀ ಪಾರುಪತ್ಯಗಾರರು ಎಂಬಲ್ಲಿಂದ ಪಾಠ ಶುರು. ಆಮೇಲೆ ಒಬ್ಬೊಬ್ಬರ ಕೈಗೂ ಏಳು ಲಕೋಟೆ ಕೊಡುತ್ತಾರೆ. ಎಷ್ಟೋ ಸಂಸಾರಗಳು ಆ ಲಕೋಟೆಗಳಿಂದ ದಡ ಸೇರಿವೆ, ಇಲ್ಲ ಅನ್ನುವುದಿಲ್ಲ. ಮದುವೆಯಾದ ಹೊಸತರಲ್ಲಿ ನಾವೂ ಕುತ್ತಿಗೆವರೆಗೆ ಸಾಲದಲ್ಲಿದ್ದೆವು, ನಮ್ಮನ್ನು ಎತ್ತಿದ್ದೂ ಅವೇ. ಅದಕ್ಕೇ ಇಷ್ಟು ವರ್ಷ ನಾನು ಬಾಯಿ ಮುಚ್ಚಿಕೊಂಡು ನಡೆದೆ.

ನಾನು ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ವೈದ್ಯರು ಕಳಿಸುವ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪುಡಿಯಿಂದ ವಸಡು ಬೇಯಿಸಿ, ಕೊನೆಗೆ ಚಕ್ರಕ್ಕೆ ಹಿಡಿದು ಹೊಳಪು ಕೊಡುವುದು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ನಮ್ಮ ಲ್ಯಾಬಿಗೆ ಬರುವವರು ಎರಡನೇ ಗುಂಪಿನವರು. ಕೂಲಿ ಸೆಟ್ಟಿನ ಲೆಕ್ಕದಲ್ಲಿ. ತಿಂಗಳ ಕೊನೆಯ ಶನಿವಾರ ಯಜಮಾನರು ಚೀಟಿ ಬರೆದು ದುಡ್ಡು ಕೊಡುತ್ತಾರೆ, ಅದನ್ನು ನಾನು ಹಾಗೇ ತಂದು ಮನೆಯ ಮೇಜಿನ ಮೇಲಿಡುತ್ತೇನೆ. ಮೇಷ್ಟ್ರು ತಮ್ಮ ಸಂಬಳ ಪಕ್ಕದಲ್ಲಿಡುತ್ತಾರೆ. ಪ್ರಾರ್ಥನೆ, ಆಮೇಲೆ ಪಾಲು.

ಮೊದಲ ಲಕೋಟೆ ದಶಮಾಂಶದ್ದು, ಹತ್ತರಲ್ಲೊಂದು. ಅದು ಅವತ್ತೇ ಅಂಟು ಹಚ್ಚಿ ಮುಚ್ಚಬೇಕು. ಬಾಡಿಗೆ, ಊಟ, ಬಟ್ಟೆ, ಔಷಧಿ, ನೆರೆಯವರು, ಹೀಗೆ ಮುಂದಿನವು. ಏಳನೆಯದು ವಾಗ್ದಾನದ ಲಕೋಟೆ. ವರ್ಷದ ಮೊದಲ ಭಾನುವಾರ, ದಶಮಾಂಶ ಬಿಟ್ಟು ಇಷ್ಟು ಹೆಚ್ಚಿಗೆ ಕೊಡುತ್ತೇವೆ ಎಂದು ದೇವರಿಗೆ ಚೀಟಿ ಬರೆದುಕೊಟ್ಟು, ವರ್ಷವಿಡೀ ಕೂಡಿಸಿ, ಕೊನೆಯ ಭಾನುವಾರ ಅರ್ಪಿಸುವುದು. ಒಂದು ಸಲ ನಾನು ಅದರೊಳಗಿನ ಹೊಸ ನೋಟು ತೆಗೆದುಕೊಂಡು ಅಷ್ಟೇ ಬೆಲೆಯ ಹರಕು ನೋಟು ಇಟ್ಟಿದ್ದೆ. ದೇವರಿಗೆ ಕುಂಟು ಕುರಿ ಕೊಡುತ್ತೀಯಾ ಎಂದು ಮೂರು ದಿನ ಮುಖ ಊದಿಸಿಕೊಂಡಿದ್ದರು. ಅಂದಿನಿಂದ ಆ ಲಕೋಟೆಗೆ ಹೋಗುವ ಪ್ರತಿ ನೋಟಿನ ಮೂಲೆಗೂ ಕೆಂಪು ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕೆ ಇಡುತ್ತಾರೆ. ಚುಕ್ಕೆ ಬಿದ್ದ ನೋಟು ದೇವರದ್ದು, ಅದನ್ನು ಯಾರೂ ಮುಟ್ಟುವಂತಿಲ್ಲ.

ನನಗೊಬ್ಬ ತಮ್ಮ. ಗೇಟು, ಕಿಟಕಿ ಸರಳು ಮಾಡುವ ವರ್ಕ್‌ಶಾಪಿನಲ್ಲಿ ವೆಲ್ಡರ್. ಹೋದ ಸೆಪ್ಟೆಂಬರಿನ ಒಂದು ಗುರುವಾರ ಕಬ್ಬಿಣ ಉಜ್ಜುವಾಗ ಚೂರೊಂದು ಸಿಡಿದು ಅವನ ಎಡಗಣ್ಣಿಗೆ ಹೊಕ್ಕಿತು. ಕನ್ನಡಕ ಹಾಕಿಕೊಂಡಿರಲಿಲ್ಲವಾ ಅಂದರೆ, ಹಾಕಿದ್ದೆ, ಗೀರು ಬಿದ್ದು ಏನೂ ಕಾಣ್ತಿರಲಿಲ್ಲ, ಒಂದು ನಿಮಿಷ ತೆಗೆದೆ ಅಂದ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಚೂರು ಒಳಗೇ ಇದೆ, ಒಂದು ವಾರದೊಳಗೆ ಆಪರೇಷನ್ ಮಾಡಿ ತೆಗೆಯದಿದ್ದರೆ ಕೀವಾಗಿ ಕಣ್ಣೇ ಹೋಗುತ್ತದೆ ಅಂದರು. ನಲವತ್ತು ಸಾವಿರ. ಅರ್ಧ ಮೊದಲೇ ಕಟ್ಟಿದರೆ ಸೇರಿಸಿಕೊಳ್ಳುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಯಂತ್ರ ಕೆಟ್ಟು ನಿಂತಿತ್ತು.

ಶುಕ್ರವಾರ ಸಂಜೆ ತಮ್ಮ ನಮ್ಮ ಮನೆಗೆ ಬಂದ. ಕಣ್ಣಿಗೆ ಹತ್ತಿಯ ಗುಪ್ಪೆ, ಮೇಲೊಂದು ಪಟ್ಟಿ. ಕುರ್ಚಿಯ ತುದಿಯಲ್ಲಿ ಕೂತು, ಕೆಲಸ ಕೇಳಲು ಬಂದವನಂತೆ ಕೈ ಕಟ್ಟಿಕೊಂಡ.

"ಭಾವ, ಸಾಲ ಅಂತಲೇ ಕೊಡಿ. ತಿಂಗಳು ತಿಂಗಳು ತೀರಿಸ್ತೀನಿ."

"ಸಾಲ ಬೇಡಪ್ಪ," ಅಂದರು ಮೇಷ್ಟ್ರು. ಧ್ವನಿ ಮೆತ್ತಗೇ ಇತ್ತು, ಅವರದು ಯಾವತ್ತೂ ಮೆತ್ತಗೇ. "ಮನೆಯೊಳಗೆ ಸಾಲ ಬಂದ್ರೆ ಸಂಬಂಧ ಹೋಗುತ್ತೆ. ನಾನು ತರಗತೀಲಿ ಹೇಳೋದು ಒಂದು, ಮನೇಲಿ ಮಾಡೋದು ಇನ್ನೊಂದು ಆಗಬಾರದಲ್ವಾ?"

"ಹಾಗಾದ್ರೆ ಹಾಗೇ ಕೊಡಿ," ಅಂದೆ ನಾನು. "ನೆರೆಯವರ ಲಕೋಟೆ ಇದೆಯಲ್ಲ."

"ಅದರಲ್ಲಿ ಸಾವಿರದ ಇನ್ನೂರಿದೆ. ತಗೋ ಬೇಕಾದ್ರೆ." ಎದ್ದು ಒಳಗೆ ಹೋಗಿ ಒಂದು ಅರ್ಜಿ ನಮೂನೆ ತಂದರು. "ಸಭೆಯ ಸಹಾಯ ನಿಧಿ ಇರೋದೇ ಇದಕ್ಕೆ. ಐವತ್ತು ಸಾವಿರದವರೆಗೂ ಕೊಡ್ತಾರೆ. ಸೋಮವಾರ ಸಂಜೆ ಕಮಿಟಿ ಕೂರುತ್ತೆ. ತುಂಬಿ ಕೊಡು."

ತಮ್ಮ ಒಂದೇ ಕಣ್ಣಿನಲ್ಲಿ ಓದಿದ. ಮೂರನೇ ಪ್ರಶ್ನೆಗೆ ಬಂದು ನಿಂತ. ದಶಮಾಂಶ ಕ್ರಮವಾಗಿ ಸಲ್ಲಿಸುತ್ತಿದ್ದೀರಾ? ಬಾಕಿ ಇದ್ದರೆ ಎಷ್ಟು ತಿಂಗಳು?

"ಎಂಟು ತಿಂಗಳು ಕೊಟ್ಟಿಲ್ಲ ಭಾವ. ಮಗು ಹುಟ್ಟಿದಾಗಿನಿಂದ ಆಗಲಿಲ್ಲ."

"ಮೊದಲು ಅದನ್ನ ಸರಿ ಮಾಡ್ಕೋಬೇಕು," ಅಂದರು. ಅಷ್ಟೇ ಅಂದಿದ್ದು. ನಾನೂ ಕೇಳಿಸಿಕೊಂಡೆ, ಇವರ ಮಾಮೂಲಿ ಮಾತು ಎಂದುಕೊಂಡು ಲೋಟ ತೊಳೆಯಲು ಹೋದೆ. ಆ ಮಾತು ನನ್ನ ತಮ್ಮನ ತಲೆಯಲ್ಲಿ ಹೋಗಿ ಕೂತದ್ದು ನನಗೆ ಗೊತ್ತಾಗಲಿಲ್ಲ.

ಮರುದಿನ ಮೇಷ್ಟ್ರು ತರಗತಿಗೆ ಹೋದ ಮೇಲೆ ನಾನು ಡಬ್ಬ ತೆಗೆದು ಏಳನೇ ಲಕೋಟೆಗೆ ಕೈ ಹಾಕಿದೆ. ಇಪ್ಪತ್ತೆರಡು ಸಾವಿರವಿತ್ತು. ಇಪ್ಪತ್ತು ತೆಗೆದೆ. ಒಬ್ಬನೇ ತಮ್ಮನ ಕಣ್ಣು, ಅದಕ್ಕೆ ನಾನು ಮುಟ್ಟದ ಲಕೋಟೆ ಯಾವುದು? ವರ್ಷದ ಕೊನೆಗೆ ಮೂರು ತಿಂಗಳಿತ್ತು. ಲ್ಯಾಬು ಮುಚ್ಚಿದ ಮೇಲೆ ದಿನಕ್ಕೆರಡು ಗಂಟೆ ಹೊರಗಿನ ಕೆಲಸ ಮಾಡಿ ತುಂಬಿಬಿಡುತ್ತೇನೆ, ಚುಕ್ಕೆ ಇಡಲು ನನಗೂ ಬರುತ್ತದೆ ಎಂದುಕೊಂಡೆ. ದುಡ್ಡನ್ನು ಕರವಸ್ತ್ರದಲ್ಲಿ ಕಟ್ಟಿ ಅವನ ಮನೆಗೇ ಹೋಗಿ ಕೈಗಿಟ್ಟೆ.

"ಭಾವನಿಗೆ ಗೊತ್ತಾ?"

"ಗೊತ್ತಾಗೋದು ಬೇಡ. ಸೋಮವಾರ ಬೆಳಿಗ್ಗೆ ಹೋಗಿ ಕಟ್ಟು. ಉಳಿದ ಅರ್ಧ ಆಮೇಲೆ ನೋಡೋಣ."

ಅವನು ಆ ಉಳಿದ ಅರ್ಧವನ್ನೇ ಯೋಚಿಸುತ್ತ ಕೂತನಂತೆ. ಶನಿವಾರ ರಾತ್ರಿಯೆಲ್ಲ ಗಂಡ ಹೆಂಡತಿ ಲೆಕ್ಕ ಹಾಕಿದರಂತೆ. ಸಂಬಳ ಇಪ್ಪತ್ತನಾಲ್ಕು ಸಾವಿರ, ಹತ್ತರಲ್ಲೊಂದು ಎರಡು ಸಾವಿರದ ನಾನೂರು, ಎಂಟು ತಿಂಗಳಿಗೆ ಹತ್ತೊಂಬತ್ತು ಸಾವಿರದ ಇನ್ನೂರು. ಅಕ್ಕ ಕೊಟ್ಟದ್ದು ಇಪ್ಪತ್ತು. ಇದನ್ನು ಆಸ್ಪತ್ರೆಗೆ ಕಟ್ಟಿದರೆ ಅರ್ಧ ಆಪರೇಷನ್ನು. ಇದರಿಂದ ದೇವರ ಬಾಕಿ ತೀರಿಸಿದರೆ ಸೋಮವಾರ ನಿಧಿಯಿಂದ ಐವತ್ತು ಸಾವಿರದವರೆಗೆ. ಪೂರ್ತಿ ಆಪರೇಷನ್ನೂ ಆಯಿತು, ಅಕ್ಕನ ದುಡ್ಡೂ ಅರ್ಧ ವಾಪಸಾಯಿತು. ಲೆಕ್ಕದಲ್ಲಿ ಎಳ್ಳಷ್ಟು ತಪ್ಪಿಲ್ಲ. ನಮ್ಮ ಸಭೆಯಲ್ಲಿ ಬೆಳೆದ ಯಾವನಾದರೂ ಈ ಲೆಕ್ಕವನ್ನೇ ಮಾಡುತ್ತಿದ್ದ, ಹೊರಗಿನವನಿಗೆ ಕನಸಿನಲ್ಲೂ ಹೊಳೆಯುತ್ತಿರಲಿಲ್ಲ. ಭಾನುವಾರ ಕಾಣಿಕೆ ಚೀಲ ಬಂದಾಗ ತನ್ನ ಹೆಸರಿನ ಲಕೋಟೆಯಲ್ಲಿ ಹತ್ತೊಂಬತ್ತು ಸಾವಿರದ ಇನ್ನೂರು ಹಾಕಿದ. ನಾನು ಹೆಂಗಸರ ಕಡೆ ಎರಡನೇ ಬೆಂಚಿನಲ್ಲಿ ಕೂತು, ನಾಳೆ ಅವನ ಕಣ್ಣು ಸರಿಹೋಗಲಿ ಎಂದು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದೆ.

ಸೋಮವಾರ ಮಧ್ಯಾಹ್ನ ಫೋನ್ ಮಾಡಿದೆ. ಆಸ್ಪತ್ರೆಯಲ್ಲಿರುತ್ತಾನೆ ಎಂದುಕೊಂಡಿದ್ದವನು ಮನೆಯಲ್ಲಿದ್ದ. ನಡೆದದ್ದನ್ನು ಖುಷಿಯಿಂದಲೇ ಹೇಳಿದ. ಬಿಸಿ ಮಾಡಿ ಹಿಡಿದಿದ್ದ ಮೇಣ ಕೈಯಲ್ಲೇ ತಣ್ಣಗಾಯಿತು.

"ನಿನಗೇನು ತಲೆ ಕೆಟ್ಟಿದೆಯೇನೋ? ಕಣ್ಣಿಗೆ ಅಂತ ಕೊಟ್ಟಿದ್ದು!"

"ಬೈಬೇಡ ಅಕ್ಕ. ಸಂಜೆ ಕಮಿಟಿ ಇದೆಯಲ್ಲ. ಭಾವನೇ ಹೇಳಿದ್ದು, ಮೊದಲು ಅದನ್ನ ಸರಿ ಮಾಡ್ಕೋ ಅಂತ."

ಸಿಟ್ಟಿನ ಹಿಂದೆಯೇ ಭಯ ಬಂತು. ಆ ನೋಟುಗಳ ಮೇಲೆ ಕೆಂಪು ಚುಕ್ಕೆ ಇದೆ. ಆಮೇಲೆ ನೆನಪಾಯಿತು, ಆ ತಿಂಗಳು ಕಾಣಿಕೆ ಎಣಿಸುವ ಸರದಿ ಸಭೆಯ ಹಿರಿಯರೊಬ್ಬರದ್ದು, ಕಟ್ಟಿಗೆ ಡಿಪೋದವರದ್ದು. ಅವರಿಗೆ ಚುಕ್ಕೆಯೂ ಒಂದೇ, ಕೊಳೆಯೂ ಒಂದೇ. ಉಸಿರು ಬಿಟ್ಟೆ. ಆ ಹೊತ್ತಿನಲ್ಲಿ ನನಗೆ ಸಮಾಧಾನವಾಯಿತಲ್ಲ, ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸಂಜೆ ಮೇಷ್ಟ್ರು ಕಮಿಟಿ ಮುಗಿಸಿ ಬಂದು ಚಪ್ಪಲಿ ಬಿಟ್ಟು, ಕೈ ತೊಳೆದು, ಊಟಕ್ಕೆ ಕೂತರು.

"ಏನಾಯ್ತು?"

"ಆಗಲಿಲ್ಲ. ಬಾಕಿ ತೀರಿಸಿದ ಮೇಲೆ ಮೂರು ತಿಂಗಳು ಕ್ರಮವಾಗಿ ಕೊಟ್ಟಿರಬೇಕು ಅಂತ ನಿಯಮ. ಇಲ್ಲದಿದ್ರೆ ಜನ ಇವತ್ತು ಕೊಟ್ಟು ನಾಳೆ ಕೇಳ್ತಾರೆ, ಅದು ಕಾಣಿಕೆ ಅಲ್ಲ, ವ್ಯಾಪಾರ."

"ಆ ನಿಯಮ ಬರೆದಿದ್ದು ನೀವೇ ಅಲ್ವಾ?"

"ನಾನೇ. ಅದಕ್ಕೇ ನಮ್ಮವನು ಅಂತ ಮುರಿಯೋಕಾಗಲ್ಲ. ಬೇರೆ ಇಬ್ಬರು ಕೊಡೋಣ ಅಂದ್ರು. ನಾನೇ ಬೇಡ ಅಂದೆ."

ಊರಿಗೆಲ್ಲ ಉಪಕಾರಿ, ಮನೆಗೆ ಮಾರಿ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿದೆ. "ಹಾಗಾದ್ರೆ ಅವನು ನಿನ್ನೆ ಹಾಕಿದ್ದನ್ನಾದ್ರೂ ವಾಪಸ್ ಕೊಡಿ. ನಾಳೆ ಬೆಳಿಗ್ಗೆ ಕಟ್ಟಿದ್ರೆ ಇನ್ನೂ ಕಣ್ಣು ಉಳಿಯುತ್ತೆ."

"ದೇವರಿಗೆ ಕೊಟ್ಟಿದ್ದನ್ನ ವಾಪಸ್ ಕೇಳೋದುಂಟಾ?" ಅಂದರು. ಆಮೇಲೆ ತಟ್ಟೆಯಿಂದ ಕೈ ತೆಗೆದು ನನ್ನ ಮುಖ ನೋಡಿದರು. "ಅವನ ದುಡ್ಡು, ಅವನು ಕೊಟ್ಟ. ಅವನದೇ ದುಡ್ಡು ತಾನೇ?"

ಆಗ ಹೇಳಬೇಕಿತ್ತು. ನಮ್ಮದು, ನಾನು ಕದ್ದದ್ದು, ಏನು ಶಿಕ್ಷೆ ಬೇಕೋ ಕೊಡಿ, ಅದನ್ನು ವಾಪಸ್ ತನ್ನಿ ಎಂದು ಕಾಲು ಹಿಡಿಯಬೇಕಿತ್ತು. ಹನ್ನೆರಡು ವರ್ಷ ಲಕೋಟೆ ಮೇಷ್ಟ್ರ ಹೆಂಡತಿಯಾಗಿ ಸಭೆಯ ಎರಡನೇ ಬೆಂಚಿನಲ್ಲಿ ಕೂತವಳು ನಾನು. ದೇವರ ಲಕೋಟೆಗೆ ಕೈ ಹಾಕಿದವಳು ಎಂದು ಆ ಹೆಂಗಸರೆಲ್ಲ ತಿರುಗಿ ನೋಡುವುದು ಕಣ್ಣ ಮುಂದೆ ಬಂತು.

"ಹೂಂ, ಅವನದೇ," ಅಂದೆ.

ಅವರು ಇನ್ನೊಂದು ಕ್ಷಣ ನೋಡಿ, ಮತ್ತೆ ಊಟಕ್ಕೆ ಕೈ ಹಾಕಿದರು.

ಲ್ಯಾಬಿನ ಯಜಮಾನರನ್ನು ಬೇಡಿದೆ, ಐದು ಸಾವಿರ ಮುಂಗಡ ಕೊಟ್ಟರು. ತಮ್ಮನ ಹೆಂಡತಿ ತನ್ನ ಬಳೆ ಮಾರಿದಳು, ಆರು ಸಾವಿರ ಬಂತು. ವರ್ಕ್‌ಶಾಪಿನವನು ಫೋನ್ ಎತ್ತಲಿಲ್ಲ. ಹನ್ನೊಂದು ಸಾವಿರ ಹಿಡಿದುಕೊಂಡು ಆಸ್ಪತ್ರೆಯ ಕಿಟಕಿಯಲ್ಲಿ ಎರಡು ದಿನ ಗೋಗರೆದೆವು. ಗುರುವಾರ ರಾತ್ರಿ ತಮ್ಮನಿಗೆ ಜ್ವರ ಏರಿತು. ಶುಕ್ರವಾರ ಕೀವು ಸೋರಿತು. ಶನಿವಾರ ಸರ್ಕಾರಿ ಆಸ್ಪತ್ರೆಯವರು, ಇನ್ನು ಬಿಟ್ಟರೆ ಇನ್ನೊಂದು ಕಣ್ಣಿಗೂ ಅಪಾಯ ಎಂದು ಎಡಗಣ್ಣನ್ನೇ ತೆಗೆದುಹಾಕಿದರು. ಕಣ್ಣು ಉಳಿಸಲು ನಲವತ್ತು ಸಾವಿರ, ತೆಗೆಯಲು ಪುಕ್ಕಟೆ.

ಮೇಷ್ಟ್ರು ಆಸ್ಪತ್ರೆಗೆ ಬಂದು ತಮ್ಮನ ತಲೆ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥನೆ ಮಾಡಿದರು. ಅವರ ಕಣ್ಣಲ್ಲಿ ನೀರಿತ್ತು. ಮುಂದಿನ ತರಗತಿಯಲ್ಲಿ, ಅಂಥ ಕಷ್ಟದಲ್ಲೂ ಎಂಟು ತಿಂಗಳ ಬಾಕಿಯನ್ನು ಒಂದೇ ಸಲಕ್ಕೆ ತೀರಿಸಿದ ಒಬ್ಬ ಸಹೋದರನಿದ್ದಾನೆ ಎಂದು ಹೆಸರು ಹೇಳದೆ ಹೊಗಳಿದರಂತೆ. ನನ್ನ ಹುಚ್ಚು ತಮ್ಮ ಆ ಹೊಗಳಿಕೆಯನ್ನು ಬಂದು ನನಗೇ ಹೇಳಿದ. ಆಮೇಲೆ ಅರ್ಧ ಸಂಬಳದ ಕೆಲಸದಲ್ಲೂ ತಿಂಗಳು ತಪ್ಪದೆ ಹತ್ತರಲ್ಲೊಂದು ಕೊಡಲು ಶುರು ಮಾಡಿದ. ಇನ್ನು ತಪ್ಪಿದರೆ ಇರುವ ಒಂದು ಕಣ್ಣೂ ಹೋದೀತು ಎಂದು ಅವನ ಭಯ.

ನಾನು ಲ್ಯಾಬಿನಲ್ಲಿ ದಿನಕ್ಕೆ ಎರಡು ಗಂಟೆ ಹೆಚ್ಚಿಗೆ ಕೂತೆ. ಬೇರೆ ವೈದ್ಯರ ಕೆಲಸ ತಂದು, ಕಂಡವರ ಬಾಯಿಗೆಲ್ಲ ಹಲ್ಲು ಕೂರಿಸಿ, ನೂರು ಇನ್ನೂರು ಎಂದು ಸೇರಿಸಿ, ಏಳನೇ ಲಕೋಟೆಗೆ ಕದ್ದು ತುಂಬಿದೆ. ಕದ್ದು ತೆಗೆದವರನ್ನು ಕೇಳಿದ್ದೀರಿ, ಕದ್ದು ತುಂಬಿದವಳು ನಾನು. ಪ್ರತಿ ನೋಟಿನ ಮೂಲೆಗೂ ಅವರ ಪೆನ್ಸಿಲಿನಿಂದ ಕೆಂಪು ಚುಕ್ಕೆ ಇಟ್ಟೆ. ಒಂದೇ ದುಡ್ಡನ್ನು ದೇವರಿಗೆ ಎರಡು ಸಲ ಕೊಟ್ಟ ಹೆಂಗಸು ನಮ್ಮ ಸಭೆಯಲ್ಲಿ ಇನ್ನೊಬ್ಬಳಿಲ್ಲ.

ಡಿಸೆಂಬರಿನಲ್ಲಿ ಕಮಿಟಿ ತಮ್ಮನ ಅರ್ಜಿ ಮಂಜೂರು ಮಾಡಿತು. ಮೂರು ತಿಂಗಳು ಕ್ರಮವಾಗಿ ಕೊಟ್ಟಿದ್ದನಲ್ಲ. ಕೃತಕ ಕಣ್ಣಿಗೆ ಎಂದು ಆರು ಸಾವಿರ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವುದು ಇದಕ್ಕೇ. ಹಲ್ಲಿನ ವಸಡು ಬೇಯಿಸುವ ಪುಡಿಯಲ್ಲೇ, ಬಿಳಿಯದರಲ್ಲಿ, ಕಣ್ಣೂ ಆಗುತ್ತದೆ. ವರ್ಷಕ್ಕೆ ನಾಲ್ಕೈದು ಬರುತ್ತವೆ, ನಮ್ಮ ಲ್ಯಾಬಿನಲ್ಲಿ ಅದನ್ನು ಮಾಡುವವಳು ನಾನೊಬ್ಬಳೇ. ತಮ್ಮನನ್ನು ಕಿಟಕಿಯ ಹತ್ತಿರ ಕೂರಿಸಿ, ಅವನ ಬಲಗಣ್ಣು ನೋಡುತ್ತ, ಗುಂಡಿಯಷ್ಟಗಲದ ಬಿಲ್ಲೆಯ ಮೇಲೆ ಕಂದು ಬಣ್ಣ ಹಚ್ಚಿದೆ. ಪಾಪೆಯ ಸುತ್ತ ಸ್ವಲ್ಪ ಹಳದಿ ಇದೆ ಅವನಿಗೆ, ನಮ್ಮಮ್ಮನಿಗಿದ್ದ ಹಾಗೆ. ಕೆಂಪು ರೇಷ್ಮೆ ದಾರ ಬಿಡಿಸಿ ಎಳೆ ಎಳೆಯಾಗಿ ನರ ಕೂರಿಸಿದೆ.

"ಅಳಬೇಡ ಅಕ್ಕ, ಬಣ್ಣ ಕೆಡುತ್ತೆ," ಅಂತ ಅವನೇ ನಗಿಸಲು ನೋಡಿದ.

ಆ ತಿಂಗಳ ಕೊನೆಯ ಶನಿವಾರ ಬಂತು. ಮರುದಿನ ವಾಗ್ದಾನದ ಲಕೋಟೆ ಅರ್ಪಿಸುವ ಭಾನುವಾರ. ಸಂಬಳ ಮೇಜಿನ ಮೇಲಿಟ್ಟೆ. ಮೇಷ್ಟ್ರು ಪ್ರಾರ್ಥನೆ ಮುಗಿಸಿ ನನ್ನ ಚೀಟಿ ಓದಿದರು. ಮೇಲಿನ ಸೆಟ್ಟು ಹನ್ನೊಂದು, ಕೆಳಗಿನದು ಒಂಬತ್ತು, ಕಣ್ಣು ಒಂದು, ಒಂಬೈನೂರು.

"ಒಂಬೈನೂರಕ್ಕೆ ತೊಂಬತ್ತು," ಎಂದು ತೆಗೆದಿಟ್ಟರು.

"ಅದೊಂದು ಬಿಡಿ. ಅದು ಅವನ ಕಣ್ಣಿನ ದುಡ್ಡು."

"ಅದೊಂದು ಇದೊಂದು ಅಂತ ಇಲ್ಲ. ಎಲ್ಲದರಲ್ಲೂ ಹತ್ತರಲ್ಲೊಂದು." ಲಕೋಟೆಗೆ ಅಂಟು ಹಚ್ಚಿ, ಹೆಬ್ಬೆರಳಿನಿಂದ ಒತ್ತಿ ಮುಚ್ಚಿದರು. ಆಮೇಲೆ ಏಳನೆಯದನ್ನು ತೆಗೆದು ನೋಟುಗಳನ್ನು ಸುರಿದು, ಅಂಚು ಸಮ ಮಾಡಿ ಎಣಿಸಿದರು. ಲೆಕ್ಕ ಸರಿಯಿತ್ತು. ಅವರು ಮೇಲಿನ ನೋಟನ್ನು ಬೆಳಕಿಗೆ ಹಿಡಿದರು.

"ನಿನ್ನ ಚುಕ್ಕೆ ನನ್ನ ಚುಕ್ಕೆಗಿಂತ ದಪ್ಪ," ಅಂದರು.

ನಾನು ಕುರ್ಚಿ ಹಿಂದಕ್ಕೆ ಸರಿಸಿದೆ.

"ಹೆದರಬೇಡ. ನನಗೆ ಅವತ್ತೇ ಗೊತ್ತು. ಡಿಪೋದವರಿಗೆ ಆ ಭಾನುವಾರ ಬೆನ್ನುನೋವು, ಕಾಣಿಕೆ ಎಣಿಸಿದ್ದು ನಾನು. ನಿನ್ನ ತಮ್ಮನ ಲಕೋಟೆ ಒಡೆದೆ, ಎಲ್ಲದರ ಮೇಲೂ ನನ್ನ ಚುಕ್ಕೆ."

"ಅವತ್ತೇ ಗೊತ್ತಿತ್ತಾ? ಭಾನುವಾರವೇ?"

"ಸೋಮವಾರ ಊಟದ ಹೊತ್ತಿಗೆ ಕೇಳಿದೆನಲ್ಲ ನಿನ್ನ. ನೀನು ನಿಜ ಹೇಳಿದ್ರೆ ಅವತ್ತೇ ವಾಪಸ್ ತರ್ತಿದ್ದೆ. ನಮ್ಮ ದುಡ್ಡು, ಅವನದಲ್ಲ ಅಂದ್ಮೇಲೆ ಅದು ಅವನ ಕಾಣಿಕೆಯೇ ಅಲ್ಲ. ನೀನು ಹೇಳಲಿಲ್ಲ."

"ನಾನು ಹೇಳಲಿಲ್ಲ ಅಂತ ಅವನ ಕಣ್ಣು ಹೋಗೋಕೆ ಬಿಟ್ರಾ?"

"ಪಶ್ಚಾತ್ತಾಪ ಒಳಗಿಂದ ಬರಬೇಕು, ನಾನು ಬಲವಂತ ಮಾಡಬಾರದು. ಮೂರು ತಿಂಗಳು ಕಾದೆ. ನೀನು ಕತ್ತಲಾದ ಮೇಲೆ ಬರೋದು, ಬೆರಳೆಲ್ಲ ಸುಟ್ಟುಕೊಳ್ಳೋದು, ಎಲ್ಲ ನೋಡ್ತಿದ್ದೆ. ದೇವರು ನಿನ್ನ ಒಳಗೆ ಕೆಲಸ ಮಾಡ್ತಿದ್ದಾನೆ ಅಂದುಕೊಂಡೆ." ನನ್ನ ಕೈ ಮೇಲೆ ಕೈಯಿಟ್ಟರು. "ನಾನು ಕ್ಷಮಿಸಿದ್ದೀನಿ. ಒಂದೇ ಒಂದು ಉಳಿದಿದೆ. ಈ ಇಪ್ಪತ್ತು ಸಾವಿರ ಸಂಪಾದಿಸಿದೆಯಲ್ಲ, ಅದರ ಹತ್ತರಲ್ಲೊಂದು ನೀನು ತೆಗೆದಿಲ್ಲ. ಎರಡು ಸಾವಿರ ಬಾಕಿ."

ಅವರು ತಮಾಷೆ ಮಾಡುತ್ತಿರಲಿಲ್ಲ. ಆ ಮುಖದಲ್ಲಿ ಕೇಡು ಇದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಅಲ್ಲಿದ್ದದ್ದು ಪ್ರೀತಿಯೇ. ನಾನು ಸುಳ್ಳು ಹೇಳಿದೆ, ಅವರು ಸುಳ್ಳನ್ನು ಗೊತ್ತಿದ್ದೂ ಒಪ್ಪಿಕೊಂಡರು, ನಮ್ಮಿಬ್ಬರ ನಡುವೆ ಊಟದ ಮೇಜಿನ ಮೇಲೆ ಆ ಹುಡುಗನ ಕಣ್ಣು ಹೋಯಿತು. ಅವರ ಕೈ ಸರಿಸಿ, ಏಳನೇ ಲಕೋಟೆಯ ನೋಟುಗಳಲ್ಲಿ ಇಪ್ಪತ್ತು ಸಾವಿರ ಎಣಿಸಿಕೊಂಡು ಎದ್ದೆ.

"ಅದು ದೇವರದ್ದು," ಅಂದರು ಹಿಂದಿನಿಂದ.

"ದೇವರು ಒಂದು ಸಲ ತಗೊಂಡಿದ್ದಾನೆ," ಅಂದೆ.

ಮರುದಿನ ಬೆಳಿಗ್ಗೆ ಎಲ್ಲರೂ ಚರ್ಚಿಗೆ ಹೊರಟ ಹೊತ್ತಿಗೆ ನಾನು ತಮ್ಮನ ಮನೆಗೆ ಹೋದೆ. ಒಗೆದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಶೂಸಿನ ದಾರ ಕಟ್ಟುತ್ತಿದ್ದ. ಹೊಸ ಕಣ್ಣು ಚೆನ್ನಾಗಿ ಕೂತಿತ್ತು, ಗೊತ್ತಿಲ್ಲದವರಿಗೆ ಗುರುತೇ ಸಿಗುವುದಿಲ್ಲ. ದುಡ್ಡು ಅವನ ಕೈಗಿಟ್ಟೆ.

"ಇದು ನಿನ್ನದು. ಯಾರಿಗೂ ಕೊಡಬೇಡ, ಯಾರಿಗೂ ಹೇಳಬೇಡ. ಮಗುವಿಗಿರಲಿ."

ಯಾಕೆ, ಎಲ್ಲಿಂದ ಎಂದು ಕೇಳಲಿಲ್ಲ. ಮುಖ ಅರಳಿತು. ಒಳಗೆ ಹೋಗಿ ಕಿಟಕಿಯ ಬಳಿ ಕೂತು, ಬೆರಳಿಗೆ ಉಗುಳು ಹಚ್ಚಿ ಒಂದೊಂದೇ ನೋಟು ಎಣಿಸಿದ. ಮುಗಿದ ಮೇಲೆ ಮೇಲಿಂದ ಎರಡು ಸಾವಿರ ಬೇರೆ ತೆಗೆದು, ಮಡಿಸಿ, ಅಂಗಿಯ ಜೇಬಿನಲ್ಲಿದ್ದ ಕಾಣಿಕೆ ಲಕೋಟೆಯೊಳಗೆ ಇಟ್ಟ.

"ಮೊದಲು ದೇವರದ್ದು," ಅಂದ. "ಈ ಸಲ ತಪ್ಪು ಮಾಡಲ್ಲ ಅಕ್ಕ."

ಅಂಟು ಹಚ್ಚಲು ತಲೆ ತಗ್ಗಿಸಿದ. ಅವನ ಬಲಗಣ್ಣು ಲಕೋಟೆಯನ್ನು ನೋಡುತ್ತಿತ್ತು. ನಾನು ಮಾಡಿಕೊಟ್ಟ ಕಣ್ಣು ಅಷ್ಟು ಕೆಳಗೆ ತಿರುಗುವುದಿಲ್ಲ, ಅದು ನನ್ನನ್ನೇ ನೋಡುತ್ತಿತ್ತು.